ಎಣ್ಣೆ ಕಲೆಯ ಪೊಟ್ಟಣ

ನಾನು ಮಾಡುವ ಚಟ್ನಿಪುಡಿಗೆ ಯಾರಾದರೂ ಏನಾದರೂ ಅಂದರೆ ನನಗೆ ತಡೆಯುವುದಿಲ್ಲ. ನಿನಗೆ ಕೋಪ ಮೂಗಿನ ತುದೀಲೇ ಇರುತ್ತೆ ಎಂದು ನಮ್ಮೆಜಮಾನರು ಹೇಳುತ್ತಾರೆ. ಇರಲಿ. ಪುಡಿ ನನ್ನ ಅತ್ತೆಯದು. ಕಡಬದ ಅವರ ತೋಟದ ಕೊಬ್ಬರಿ, ಅವರದೇ ಅಳತೆ. ತುಮಕೂರಿನ ಮನೆಯಲ್ಲಿ ಹುರಿದು, ಪುಡಿ ಮಾಡಿ, ಪ್ಯಾಕ್ ಮಾಡಿ ಮಾರುವವಳು ಮಾತ್ರ ನಾನು. ಅರ್ಧಕ್ಕಿಂತ ಹೆಚ್ಚು ಮಾಲನ್ನು ಶಿರಾ ಗೇಟಿನ ಒಂದೇ ಪ್ರಾವಿಷನ್ ಸ್ಟೋರಿನವರು ತೆಗೆದುಕೊಳ್ಳುತ್ತಾರೆ.

ಮೂರು ವರ್ಷದ ಹಿಂದೆ ಗುಬ್ಬಿಯಲ್ಲಿ ಬಸ್ಸು ಬದಲಾಯಿಸಿ ಕಡಬಕ್ಕೆ ಹೋಗಿದ್ದೆ. ಕಾಫಿಗೂ ಮುಂಚೆ ಅತ್ತೆ ನನ್ನ ಕೈಗೆ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟರು. ನನ್ನದೇ ಪುಡಿಯದು. ತಿಪ್ಪೆಗೊಬ್ಬರದ ಜೊತೆ ತೆಂಗಿನ ಮರದ ಪಾತಿಗೆ ಬಿದ್ದು, ಅಗೆಯುವಾಗ ಸಿಕ್ಕಿತಂತೆ. ತೊಳೆದು, ಒಣಗಿಸಿ, ಮಡಿಸಿ ಇಟ್ಟಿದ್ದರು.

"ನಿನ್ ಸಾಮಾನು, ತಗೋ," ಎಂದರು, ಅಷ್ಟೆ.

ಬೈದಿದ್ದರೆ ನಾನೂ ಒಂದು ಮಾತು ಆಡಬಹುದಿತ್ತು. ತೊಳೆದು ಕೊಟ್ಟವರಿಗೆ ಏನು ಹೇಳುವುದು? ನಾಚಿಕೆಯಿಂದ ತಲೆ ತಗ್ಗಿಸಿದೆ. ಪ್ಲಾಸ್ಟಿಕ್ ಬಿಡುತ್ತೇನೆ ಎಂದು ಅಲ್ಲೇ ಮಾತು ಕೊಟ್ಟೂಬಿಟ್ಟೆ.

ಬದಲಿಗೆ ಏನು ಎಂಬುದು ಮಾತ್ರ ಗೊತ್ತಿರಲಿಲ್ಲ. ಅಂಗಡಿ ಅಂಗಡಿ ಅಲೆದು ಮೂರು ಥರದ ಕವರು ತಂದೆ. ಒಂದು, ಮಣ್ಣಿನಲ್ಲಿ ಕರಗುತ್ತದೆಂದು ಮಾರುವವನು ಆಣೆ ಮಾಡಿದ ಹೊಳೆಯುವ ಕವರು. ಇನ್ನೊಂದು ಹೊರಗೆ ಕಾಗದ, ಒಳಗೆ ಬೆಳ್ಳಿ ಬಣ್ಣದ ಪದರ. ಮತ್ತೊಂದು ಬರೀ ಕಂದು ಕಾಗದ. ಪರೀಕ್ಷೆ ಅತ್ತೆಯದೇ ಉಪಾಯ: ಮೂರು ಪಾತಿಯಲ್ಲಿ ಒಂದೊಂದನ್ನು ಹೂತರು. ಮಳೆಗಾಲ ಮುಗಿದ ಮೇಲೆ ಅಗೆದೆವು. ಕಾಗದ ಹುಡುಕಿದರೂ ಸಿಗಲಿಲ್ಲ. ಆಣೆ ಮಾಡಿದ ಕವರು ಚೂರುಚೂರಾಗಿ ಬೇರಿನ ತುಂಬ ಸಿಕ್ಕಿಕೊಂಡಿತ್ತು. ಇನ್ನೊಂದರಲ್ಲಿ ಕಾಗದವೇನೋ ಮಣ್ಣಾಗಿತ್ತು, ಒಳಪದರ ಥಳಥಳ ಹೊಳೆಯುತ್ತಿತ್ತು. ಸೀರೆ ಹೋಗಿ ಲಂಗ ಉಳೀತು ಎಂದು ಅತ್ತೆ ನಕ್ಕರು.

ಸರಿ, ಕಾಗದವೇ ಎಂದು ಗಟ್ಟಿ ಮಾಡಿಕೊಂಡೆ. ಆದರೆ ಕೊಬ್ಬರಿ ಸುಮ್ಮನಿರುತ್ತದೆಯೇ? ನಾಲ್ಕೇ ದಿನಕ್ಕೆ ಪೊಟ್ಟಣದ ಮೈತುಂಬ ಎಣ್ಣೆ ಕಲೆ. ಶಿರಾ ಗೇಟಿನ ಅಂಗಡಿಯವರು ಅಷ್ಟನ್ನೂ ವಾಪಸ್ ಕಳಿಸಿ ಖಡಾಖಂಡಿತವಾಗಿ ಹೇಳಿದರು: ಮತ್ತೆ ಪ್ಲಾಸ್ಟಿಕ್ಕಿಗೆ ಹಾಕಿ, ಇಲ್ಲವೇ ಕೊಬ್ಬರಿ ಇಳಿಸಿ ಹುರಿಗಡಲೆ ಏರಿಸಿ, ಕಲೆ ಬಿದ್ದ ಮಾಲು ಬೇಡ. ಅವರು ಕೈಬಿಟ್ಟರೆ ನನ್ನ ಕಸುಬು ಮುಗಿದ ಹಾಗೆಯೇ. ಹೆದರಿದೆ, ಸುಳ್ಳೇಕೆ ಹೇಳಲಿ. ಹುರಿಗಡಲೆ ಜಾಸ್ತಿ ಹಾಕಿ ಒಂದು ಸಲ ಮಾಡಿಯೂ ಬಿಟ್ಟೆ. ಕಾಗದಕ್ಕೆ ಒಂದು ಚುಕ್ಕೆ ಎಣ್ಣೆ ಅಂಟಲಿಲ್ಲ. ಅದೇ ಸಂಭ್ರಮದಲ್ಲಿ ಕಡಬಕ್ಕೆ ಒಯ್ದೆ.

ಅತ್ತೆ ಬಿಸಿ ಅನ್ನಕ್ಕೆ ಕಲಸಿ ಎರಡು ತುತ್ತು ತಿಂದರು.

"ಇದು ಯಾರ್ ಮನೆ ಪುಡಿ ಕಣವ್ವ?"

ಕುಟುಕುವುದಕ್ಕೆ ಕೇಳಿದ್ದಲ್ಲ. ಅವರಿಗೆ ನಿಜವಾಗಿ ಗುರುತು ಸಿಕ್ಕಿರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ನನ್ನ ಮೇಲೇ ಸಿಟ್ಟು. ಪುಡಿ ಆರು ತಿಂಗಳು ಶೆಲ್ಫಿನಲ್ಲಿ ಕೂತಿರಲಿ ಎಂದೇ ಅಲ್ಲವೇ ಪ್ಲಾಸ್ಟಿಕ್ ಬೇಕಾಗಿದ್ದು? ಅಷ್ಟು ದಿನ ಅದು ಯಾಕೆ ಕೂರಬೇಕು? ಮನೆಗೆ ಮಾಡಿಕೊಳ್ಳುವ ಹಾಗೆ ಅತ್ತೆಯ ಅಳತೆಯಲ್ಲೇ ವಾರವಾರ ಮಾಡಿದರಾಯಿತು. ಒಳಗೆ ಬಟರ್ ಪೇಪರ್, ಹೊರಗೆ ಕಂದು ಕಾಗದ, ಮೇಲೆ ಪುಡಿ ಮಾಡಿದ ತಾರೀಖು. ಬಟರ್ ಪೇಪರನ್ನೂ ಆಮೇಲೆ ಪಾತಿಗೆ ಹಾಕಿ ನೋಡಿದೆವು, ಉಳಿಯಲಿಲ್ಲ. ಕಲೆ ತಡವಾಗಿ ಬರುತ್ತಿತ್ತು, ಆದರೆ ಬರುತ್ತಿತ್ತು. ಬರಲಿ ಎಂದು ಪೊಟ್ಟಣದ ಮೇಲೆ ನಾನೇ ಬರೆದೆ: "ಈ ಕಲೆ ಕೊಬ್ಬರಿಯದು. ಹದಿನೈದು ದಿನದೊಳಗೆ ತಿಂದು ಮುಗಿಸಿ."

ಅಂಗಡಿಯವರು ಓದಿ ಹಣೆ ಚಚ್ಚಿಕೊಂಡರು. "ನೀವೇ ಕಲೆ ಅಂತ ಬರ್ದ್ರೆ ಯಾರ್ ತಗೋತಾರಕ್ಕ?"

ಒಂದು ವಾರ ಇಡಿ, ಹೋಗದಿದ್ದರೆ ನಾನೇ ಬಂದು ಒಯ್ಯುತ್ತೇನೆ, ಮತ್ತೆ ನಿಮ್ಮ ಮೆಟ್ಟಿಲು ಹತ್ತುವುದಿಲ್ಲ ಎಂದೆ. ಬಾಯಿ ಜೋರಿತ್ತು, ಧೈರ್ಯ ಇರಲಿಲ್ಲ.

ಏಳನೆಯ ದಿನ ಹೋದಾಗ ಒಬ್ಬ ಹೆಂಗಸು ನನ್ನ ಪೊಟ್ಟಣಗಳನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಒಂದನ್ನು ತೆಗೆದರು, ವಾಪಸ್ ಇಟ್ಟರು. ಇನ್ನೊಂದನ್ನೂ ಇಟ್ಟರು. ಪಕ್ಕದಲ್ಲಿ ನಿಂತ ನನ್ನನ್ನು ಗಿರಾಕಿ ಅಂದುಕೊಂಡರೇನೋ, ಎಣ್ಣೆಯಲ್ಲಿ ಚೆನ್ನಾಗಿ ನೆಂದ ಪೊಟ್ಟಣವೊಂದನ್ನು ಹುಡುಕಿ ನನ್ನ ಕೈಗೇ ಇಟ್ಟರು.

"ಕಲೆ ಇರೋದೇ ತಗೊಳ್ಳಿ. ಕುಣಿಗಲ್‌ನಾಗಿರೋ ನಮ್ಮಕ್ಕಂಗೂ ಇದ್ನೇ ಒಯ್ತಿದೀನಿ. ಕೊಬ್ರಿ ಹಾಕವ್ರೆ ನೋಡಿ, ಮೋಸ ಇಲ್ಲ."

ಗಲ್ಲಾದಲ್ಲಿ ಕೂತ ಅಂಗಡಿಯವರು ಮುಖ ಆ ಕಡೆ ತಿರುಗಿಸಿಕೊಂಡು ನಗುತ್ತಿದ್ದರು. ಇದು ನಂದೇ ಎನ್ನುವ ಬದಲು ಆ ಹೆಂಗಸಿನ ಹಿಂದೆಯೇ ನಿಂತು, ದುಡ್ಡು ಕೊಟ್ಟು, ನನ್ನ ಪುಡಿಯನ್ನು ನಾನೇ ಕೊಂಡುಕೊಂಡೆ. ಬ್ಯಾಗಿಗೆ ಹಾಕದೆ, ಕಲೆ ಎಲ್ಲರಿಗೂ ಕಾಣುವ ಹಾಗೆ ಕೈಯಲ್ಲಿ ಹಿಡಿದು ಮನೆವರೆಗೂ ನಡೆದೆ.