ಕಾಕಾ ಬರೆಸಿದ ಮೂರು ಸಾಲು

ಕಾಕಾನ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ಅಂಟಂಟು. ದಿನವಿಡೀ ಒಣದ್ರಾಕ್ಷಿ ಹಿಸುಕಿ ನೋಡುವ ವ್ಯಾಪಾರ. ಹಾಗಾಗಿ ಫೋನಿನ ಪರದೆಯನ್ನು ಕಿರುಬೆರಳಿನಿಂದ ಸರಿಸುತ್ತಿದ್ದರು. ವಿಜಯಪುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಕೆಳಗೇ ಅವರ ಅಂಗಡಿ; ಬಂಧುವಲ್ಲದಿದ್ದರೂ ಎಲ್ಲರಂತೆ ನಾನೂ ಕಾಕಾ ಎನ್ನುತ್ತಿದ್ದೆ. ಷೇರಿನ ಬಗ್ಗೆ ಜನ ಬರೆದುಕೊಳ್ಳುವ ಆನ್‌ಲೈನ್ ವೇದಿಕೆಯೊಂದಿತ್ತು. ಊರಿನ ಹರಟೆಕಟ್ಟೆಯಂತೆ ಕಾಕಾ ಅದನ್ನು 'ಕಟ್ಟಿ' ಎನ್ನುತ್ತಿದ್ದರು. ಮುಂಜಾನೆ ಚಹಾ ಕುಡಿಯುತ್ತ ಅವರು ಹೇಳುವುದು, ನಾನು ಟೈಪ್ ಮಾಡುವುದು. ಸುಳ್ಳುಬುರುಕರೇ ತುಂಬಿದ ಕಟ್ಟೆಯದು. ಎಲ್ಲರದೂ ಹುಸಿ ಹೆಸರು, ಕಾಕಾ ಮಾತ್ರ ಸ್ವಂತ ಹೆಸರು, ಜೊತೆಗೆ ನಿಡೋಣಿ ಎಂದು ಊರನ್ನೂ ಹಾಕಿಸಿದ್ದರು. ಹೆಸರಿಲ್ಲದವನ ಮಾಲು ಯಾರು ತಗೊಳ್ತಾರೆ ಎಂದು ನನ್ನನ್ನೇ ಕೇಳುವರು.

ಒಮ್ಮೆ ಹನಿ ನೀರಾವರಿ ಪೈಪಿನ ಕಂಪನಿಯೊಂದರ ಗೋದಾಮು ನೋಡಿ ಬಂದರು. ಸೂರಿನ ತನಕ ಒಟ್ಟಿದ ಮಾಲು ಕಂಡು ಹಿಗ್ಗಿಬಿಟ್ಟಿದ್ದರು. ಒಣದ್ರಾಕ್ಷಿಯವರ ಲೆಕ್ಕವೇ ಹಾಗೆ: ಕೋಲ್ಡ್ ಸ್ಟೋರೇಜ್ ತುಂಬಿದೆಯೆಂದರೆ ಆಸಾಮಿ ಗಟ್ಟಿ, ದರ ಏರುವ ತನಕ ಕಾಯಬಲ್ಲ. ಕಂಪನಿ ಒಳ್ಳೆಯದೆಂದು ಕಟ್ಟೆಯಲ್ಲಿ ಬರೆಸಿದರು. ತಾವೂ ಷೇರು ಕೊಂಡರು. ಅವರ ಮಾತು ನಂಬಿ ಬಹಳ ಜನ ಕೊಂಡರು. ಅಥಣಿ ರಸ್ತೆಯಲ್ಲಿ ಪ್ಲಾಟ್ ಹಿಡಿಯಲು ಕೂಡಿಟ್ಟಿದ್ದನ್ನೆಲ್ಲ ನಾನೂ ಅದಕ್ಕೇ ಸುರಿದೆ.

ಎರಡು ತಿಂಗಳಾಗಿರಬೇಕು. ಘೋಣಸಗಿಯ ದ್ರಾಕ್ಷಿ ಬೆಳೆಗಾರನೊಬ್ಬ ಅಂಗಡಿಗೆ ಬಂದವನು, ಆ ಪೈಪುಗಳು ಬಿಸಿಲಿಗೆ ಸೀಳಿಹೋಗುತ್ತವೆ, ಯಾರೂ ಒಯ್ಯುವುದಿಲ್ಲ ಎಂದ. ಕಾಕಾ ತಿಕೋಟಾದ ಪೈಪಿನ ಅಂಗಡಿಗಳಿಗೆಲ್ಲ ಫೋನು ಹಚ್ಚಿದರು. ಎಲ್ಲರೂ ಮಾಲು ವಾಪಸು ಕಳಿಸಿದ್ದರು. ಗೋದಾಮಿನಲ್ಲಿ ಕಾಕಾ ಕಂಡದ್ದು ವಾಪಸು ಬಂದ ಆ ಮಾಲನ್ನೇ!

ಮರುದಿನ ಷೇರುಪೇಟೆ ತೆರೆಯಲು ಇನ್ನೂ ಅರ್ಧ ತಾಸಿತ್ತು. ಕಾಕಾ ಬರೆಸಿದ್ದು ಮೂರೇ ಸಾಲು. "ನಾ ನೋಡಿದ್ದು ತಪ್ಪು, ಅದು ಮಾರದ ಮಾಲು. ನನ್ನ ಮಾತು ಕೇಳಿ ಇನ್ನ ಯಾರೂ ತಗೋಬ್ಯಾಡ್ರಿ. ನನ್ನ ಷೇರು ನಾ ಇನ್ನೂ ಮಾರಿಲ್ಲ."

ಟೈಪ್ ಮಾಡಿದೆನೇ ಹೊರತು ಕಳಿಸಲು ಕೈ ಬರಲಿಲ್ಲ. ಇದು ಹೋದರೆ ನಮ್ಮ ಷೇರನ್ನು ಕೇಳುವ ನಾಯಿಯೂ ಇರುವುದಿಲ್ಲ. ಪೇಟೆ ತೆರೆದ ಮೇಲೆ ಬರೇ ಹತ್ತು ನಿಮಿಷ ತಡೆಯಿರಿ, ಮೊದಲು ನಮ್ಮದು ಮಾರೋಣ ಎಂದು ಗೋಗರೆದೆ.

"ಆ ಹತ್ತು ನಿಮಿಷದಾಗ ನಮ್ಮ ಮಾಲು ತಗೊಳ್ಳಾಂವ ಯಾರು ತಮ್ಮಾ? ನನ್ನ ಹೆಸರು ನಂಬಿದಾಂವನ ಅಲ್ಲೇನು?" ಎಂದು ಫೋನು ಕಸಿದುಕೊಂಡು ತಾವೇ ಒತ್ತಿದರು.

ಪೇಟೆ ತೆರೆದಾಗ ಕೊಳ್ಳುವವರೇ ಇರಲಿಲ್ಲ. ವಾರವಿಡೀ ಷೇರು ಬೀಳುತ್ತಲೇ ಹೋಯಿತು. ನನ್ನ ಪ್ಲಾಟಿಗೆ ಎಳ್ಳುನೀರು. ನಿಮ್ಮ ಹೆಸರು ಉಳಿಸಿಕೊಳ್ಳಲು ನನ್ನ ಮನೆ ಮುರಿದಿರಿ ಎಂದು ಆಡಬಾರದ್ದು ಆಡಿ, ಮನೆ ಬದಲಿಸಿ ಮಾತು ಬಿಟ್ಟೆ. ಎಂಥಾ ಕತ್ತೆ ನಾನು!

ಎಂಟು ತಿಂಗಳಿಗೆ ಕಾಕಾ ಎದೆನೋವಿನಿಂದ ತೀರಿಕೊಂಡರು. ನಿಡೋಣಿಗೆ ಹೋದೆ. ಅವರ ಹೆಂಡತಿ ಕಾಕಿ ನನ್ನನ್ನು ಹತ್ತಿರ ಕೂರಿಸಿಕೊಂಡು, "ನಿನ್ನ ಪ್ಲಾಟ್ ಹೋತಂತ ಭಾಳ ಮರಗಿದ್ರಪಾ. ಆದ್ರ ಬರಸಿದ್ದು ತಪ್ಪಾತು ಅಂತ ಒಂದಿನಾನೂ ಅನಲಿಲ್ಲ" ಎಂದರು.

ತಪ್ಪಾಗಿರಲಿಲ್ಲ ಕಾಕಿ ಎಂದು ಹೇಳಿ ಅತ್ತುಬಿಟ್ಟೆ. ಆ ಮಾತನ್ನು ಕಾಕಾನಿಗೆ ಹೇಳಬೇಕಿತ್ತು. ಎಂಟು ತಿಂಗಳು ವಿಜಯಪುರದಲ್ಲೇ ಇದ್ದೂ ಹೇಳಲಿಲ್ಲ.