ಮಂಗಳ ಗ್ರಹಕ್ಕೆ ಒಂದು ಮೆಟ್ಟಿಲು

ಮನುಷ್ಯಕುಲದ ಭವಿಷ್ಯ ನಕ್ಷತ್ರಗಳಲ್ಲಿದೆ ಎಂದು ನಾನು ಹರೆಯದಿಂದಲೂ ನಂಬಿದ್ದೇನೆ. ಬನಶಂಕರಿಯ ನಮ್ಮ ಮನೆಯಲ್ಲಿ ಮಾತ್ರ ಅದು ಕೆಳಗಿನಿಂದ ಎರಡನೆಯ ಮೆಟ್ಟಿಲಿನಲ್ಲಿದೆ. ಅದೂ ನನ್ನ ಹೆಂಡತಿ ಸರೋಜ ಒಪ್ಪಿದರೆ.

ದಸರಾ ಗೊಂಬೆಗಳ ವಿಷಯ ಹೇಳುತ್ತಿದ್ದೇನೆ. ಗೊಂಬೆಹಬ್ಬದಲ್ಲಿ ಗಂಡಸಿನ ಪಾತ್ರ ಸ್ಪಷ್ಟವಾಗಿದೆ: ಅಟ್ಟ ಹತ್ತಿ ಪೆಟ್ಟಿಗೆ ಇಳಿಸುವುದು, ಹಲಗೆ ಜೋಡಿಸುವುದು, ಆಮೇಲೆ ಕಾಣದಿರುವುದು. ಮೇಲಿನ ಮೆಟ್ಟಿಲಿನ ಪಟ್ಟದ ರಾಜ-ರಾಣಿ ಬಂದದ್ದು ಸರೋಜಳ ತಾಯಿಯಿಂದ, ಅವರಿಗೆ ಅವರ ತಾಯಿಯಿಂದ. ರಾಜನೆಂಬ ಹೆಸರಿದ್ದರೂ ಅವನು ಹೆಂಗಸರ ಕೈಯಿಂದ ಹೆಂಗಸರ ಕೈಗೆ ದಾಟುತ್ತ ಬಂದವನು. ಅದರ ಬಗ್ಗೆ ಅವನ ಮರದ ಮುಖದಲ್ಲಿ ದೂರೇನೂ ಕಾಣುವುದಿಲ್ಲ.

ಇಂಥ ರಾಜ್ಯದಲ್ಲಿ ನಾನು ಈ ವರ್ಷ ಒಂದು ಮೆಟ್ಟಿಲು ಬೇಡಿದೆ. ಮಂಗಳ ಗ್ರಹದ ಮೇಲೆ ಒಂದು ಊರು ಕಟ್ಟಬೇಕೆಂಬ ಆಸೆ.

"ಕಟ್ಕೊಳಿ. ಆದ್ರೆ ಬಂದೋರು ನೋಡಿ ನಕ್ರೆ, ಮಾರನೇ ದಿನ ತೆಗ್ದು ಅಲ್ಲಿ ಜಂಬೂಸವಾರಿ ಸೆಟ್ ಇಡ್ತೀನಿ" ಎಂದಳು ಸರೋಜ. ಯಾವ ದೇಶದ ವ್ಯೋಮಯಾನಕ್ಕೂ ಇಷ್ಟು ಕಠಿಣವಾದ ಷರತ್ತು ಇದ್ದಂತಿಲ್ಲ.

ವೈಜ್ಞಾನಿಕ ಕಥೆಗಳ ಚಟ ನನಗೆ ಕಾಲೇಜಿನಲ್ಲಿ ಹತ್ತಿದ್ದು. ಫುಟ್‌ಪಾತಿನಲ್ಲಿ ರಟ್ಟು ಹರಿದ ಪುಸ್ತಕಗಳು ಸಿಗುತ್ತಿದ್ದವು. ಅವುಗಳ ಲೇಖಕರ ಕಲ್ಪನೆಗೆ ಮಿತಿಯೇ ಇರಲಿಲ್ಲ: ಬೆಳಕನ್ನೂ ಹಿಂದೆ ಹಾಕುವ ನೌಕೆ, ಮೂರು ಸೂರ್ಯರ ಆಕಾಶ, ಹಾಡುವ ಬಂಡೆ. ಆದರೆ ಇಷ್ಟೆಲ್ಲ ದಾಟಿ ವಿಶ್ವದ ಆ ತುದಿ ಮುಟ್ಟಿದ ಮೇಲೂ ಕ್ಯಾಪ್ಟನ್ನಿಗೆ ಕಾಫಿ ತಂದುಕೊಡುವವಳು ಒಬ್ಬ ಹುಡುಗಿ, ಸಾಮಾನ್ಯವಾಗಿ ಯಾರೋ ಪ್ರೊಫೆಸರರ ಮಗಳು. ಹೊಸ ಭೌತಶಾಸ್ತ್ರವನ್ನೇ ಹುಟ್ಟಿಸಿದವರಿಗೆ, ಕ್ಯಾಪ್ಟನ್ ಎದ್ದುಹೋಗಿ ತಾನೇ ಕಾಫಿ ಸೋಸಿಕೊಳ್ಳುವ ದೃಶ್ಯ ಹೊಳೆಯಲಿಲ್ಲ. ನನಗೂ ಅದರಲ್ಲಿ ಕೊರತೆ ಕಾಣಲಿಲ್ಲ. ನಮ್ಮ ಮನೆಯಲ್ಲೂ ಕಾಫಿ ಹಾಗೆಯೇ ಬರುತ್ತಿತ್ತು. ಆಮೇಲೆ ಹೆಂಗಸರು ಬರೆಯತೊಡಗಿದರು, ಗಂಡು-ಹೆಣ್ಣೆಂಬ ಲೆಕ್ಕವೇ ಇಲ್ಲದ ಲೋಕಗಳನ್ನು ಕಟ್ಟಿದರು. ಅವನ್ನೂ ಓದಿ ತಲೆದೂಗಿದೆ. ತಲೆದೂಗುವುದು ಸುಲಭ, ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡೇ ಮಾಡಬಹುದು.

ಇರಲಿ. ಇಟ್ಟಿಗೆಪುಡಿ ಹರಡಿ ಕೆಂಪು ನೆಲ ಮಾಡಿದೆ, ಸ್ಟೀಲ್ ಬಟ್ಟಲು ಕವುಚಿ ಗುಮ್ಮಟ ನಿಲ್ಲಿಸಿದೆ, ರಾಗಿ ಮೊಳಕೆಯಿಂದ ತೋಟವನ್ನೂ ಎಬ್ಬಿಸಿದೆ. ಉಳಿದದ್ದು ಜನ. ಪೆಟ್ಟಿಗೆಯಲ್ಲಿ ಹುಡುಕಿದರೆ ಹೆಣ್ಣು ಗೊಂಬೆಗಳು ಸಿಕ್ಕವು. ಒಬ್ಬಳು ರುಬ್ಬುತ್ತಿದ್ದಳು, ಒಬ್ಬಳು ಹಪ್ಪಳ ಒತ್ತುತ್ತಿದ್ದಳು, ಇನ್ನೊಬ್ಬಳು ಬಾವಿಯಿಂದ ನೀರು ಸೇದುತ್ತಿದ್ದಳು. ಯಾರಿಗೂ ಪುರುಸೊತ್ತಿಲ್ಲ. ಅಂತರಿಕ್ಷಕ್ಕೆ ಬಿಡುವಾಗಿರುವವರು ಬೇಕು. ಹಾಗಾಗಿ ಆ ಹೆಂಗಸರನ್ನು ಕೆಳಗಿನ ಮೆಟ್ಟಿಲಿನಲ್ಲಿಟ್ಟು, ಮಣ್ಣಿನ ಕ್ರಿಕೆಟ್ ತಂಡವನ್ನು ಇಡಿಯಾಗಿ ಕಳಿಸಿದೆ. ಬಿಳಿಯ ಉಡುಪು ಮೊದಲೇ ಇತ್ತು, ಇಬ್ಬರಿಗೆ ಹೆಲ್ಮೆಟ್ಟೂ ಇತ್ತು. ಬ್ಯಾಟುಗಳನ್ನು ವೈಜ್ಞಾನಿಕ ಉಪಕರಣಗಳೆಂದು ಭಾವಿಸಿಕೊಳ್ಳಬೇಕು.

ಮೊದಲ ಸಂಜೆಯೇ ಕತ್ರಿಗುಪ್ಪೆಯ ಜಯಮ್ಮ ಬಂದರು. ಅವರ ಮಾವನ ರಾಗಿಹೊಲ ಇದ್ದ ಜಾಗದಲ್ಲಿ ಈಗ ಅವರವೇ ಬಾಡಿಗೆ ಮನೆಗಳಿವೆ. ಗೊಂಬೆಗಳ ವಿಷಯದಲ್ಲಿ ಅವರ ಮಾತು ಸರೋಜಳಿಗೆ ಸುಪ್ರೀಂ ಕೋರ್ಟಿನ ತೀರ್ಪು. ರಾಜ-ರಾಣಿಗೆ ಕೈಮುಗಿದು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಬಂದ ಅವರ ಕಣ್ಣು ನನ್ನ ಗ್ರಹದ ಮೇಲೆ ನಿಂತಿತು.

"ಇದೇನ್ ಸಾರ್, ಮ್ಯಾಚಾ?"

"ಅಲ್ಲಮ್ಮ, ಮಂಗಳ ಗ್ರಹ. ಇವ್ರು ಮೊದ್ಲು ಹೋಗಿ ಊರು ಕಟ್ಟಿದೋರು."

"ಬರೀ ಗಂಡಸ್ರೇನಾ?"

"ಮೊದಲನೇ ತಂಡ."

"ಹಂಗಾದ್ರೆ ಇದೇ ಕೊನೇ ತಂಡ ಬಿಡಿ."

ಹುಸ್ಲಿಯ ತಟ್ಟೆ ಹಿಡಿದು ಬಂದ ಸರೋಜ ನನ್ನನ್ನು ಅರ್ಥಪೂರ್ಣವಾಗಿ ನೋಡಿದಳು. ನನ್ನ ಕಣ್ಣಿಗೆ ಜಂಬೂಸವಾರಿಯ ಆನೆ ಕಾಣಿಸಿತು. ಆದರೆ ಜಯಮ್ಮ ನಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ನಿವೇಶನ ನೋಡಲು ಬಂದವರಂತೆ ಬಾಗಿ ನೋಡಿದರು.

"ನೀರಿಗೇನ್ ಮಾಡ್ತಾರೆ?"

"ನೆಲದ ಕೆಳಗೆ ಹಿಮ ಇದೆ. ಯಂತ್ರ ಕೊರೆಯತ್ತೆ."

"ಬೋರ್‌ವೆಲ್ ಅನ್ನಿ. ನಮ್ ಹೊಲ ಲೇಔಟ್ ಆದಾಗ್ಲೂ ಇಂಗೇ ಕೆಂಪು ಧೂಳು ಸಾರ್, ಒಂದ್ ಮರ ಇರ್ಲಿಲ್ಲ. ಗಂಡಸ್ರೆಲ್ಲ ಸೇರಿ ಸಂಘ ಮಾಡ್ಕೊಂಡು, ಅಧ್ಯಕ್ಷ ಯಾರು ಅಂತ ಕಿತ್ತಾಡ್ತಿದ್ರು. ನೀರು ತರ್ಸಿದ್ದು ನಾವು, ಬಿಂದಿಗೆ ಇಟ್ಕೊಂಡು ಮೇನ್ ರೋಡಲ್ಲಿ ಕೂತು."

"ಕೊನೆಗೆ ಅಧ್ಯಕ್ಷರು ಯಾರಾದ್ರು?"

"ಯಾರೋ ಆದ್ರು. ನೀರು ಬಂತಲ್ಲ."

ನಾನು ಓದಿದ ಭವಿಷ್ಯಗಳಲ್ಲೆಲ್ಲ, ಕಥೆ ಶುರುವಾಗುವ ಹೊತ್ತಿಗೆ ನಲ್ಲಿಯಲ್ಲಿ ನೀರು ಬಂದಿರುತ್ತಿತ್ತು. ಅದನ್ನು ತರಿಸಿದವರು ಯಾರೆಂದು ಒಬ್ಬ ಕ್ಯಾಪ್ಟನ್ನೂ ಕೇಳಿದ್ದು ನೆನಪಿಲ್ಲ, ನಾನೂ ಕೇಳಿರಲಿಲ್ಲ.

"ಆ ಬಾವಿ ಹತ್ರ ಇರೋಳ್ನ ಕಳ್ಸಿ ಸಾರ್" ಎಂದರು ಜಯಮ್ಮ.

ಸರೋಜ ತಟ್ಟೆ ಕೆಳಗಿಟ್ಟಳು. "ಅಷ್ಟು ದೂರ ಹೋಗಿ ಅಲ್ಲೂ ಅವಳೇ ನೀರು ಸೇದ್ಬೇಕಾ ಜಯಮ್ಮ?"

"ಸೇದು ಅಂದೋರ್ಯಾರು? ಸೇದ್ಸೋಕೆ. ಇಷ್ಟ್ ಜನ ಬಿಟ್ಟಿ ನಿಂತವ್ರಲ್ಲ."

ಈಗ ಸರೋಜ ನಕ್ಕಳು. ಷರತ್ತು ಬಂದವರಿಗೆ ಮಾತ್ರ ಅನ್ವಯಿಸುತ್ತದೆಂದು ನಾನು ಮನಸ್ಸಿನಲ್ಲೇ ದಾಖಲಿಸಿಕೊಂಡೆ. ಅವಳು ಬಾವಿಯನ್ನೂ ಬಾವಿಯವಳನ್ನೂ ಮಂಗಳಕ್ಕೆ ತಂದು, ನೂಲಿನ ಹಗ್ಗವನ್ನು ಆ ಮಣ್ಣಿನ ಕೈಗಳಿಂದ ಬಿಡಿಸಿ ವಿಕೆಟ್ ಕೀಪರನ ಕೈಗೆ ಸುತ್ತಿದಳು. ಅವನಿಗೆ ಗ್ಲೌಸ್ ಇತ್ತು. ಆಮೇಲೆ ಬಾವಿಯವಳೊಬ್ಬಳನ್ನೇ ಗುಮ್ಮಟದ ಮುಂದೆ ನಿಲ್ಲಿಸಿದಳು. ಹಗ್ಗ ಹೋದದ್ದೇ ತಡ, ಇಷ್ಟು ವರ್ಷ ನೀರು ಸೇದಲು ಎತ್ತಿದ್ದ ಆ ಕೈಗಳು ಅಪ್ಪಣೆ ಕೊಡುತ್ತಿರುವಂತೆ ಕಂಡವು. ಅವಳ ಮುಖವೂ ಅದಕ್ಕೆ ಸರಿಯಾಗಿಯೇ ಇತ್ತು. ನಾನು ನೋಡಿರಲಿಲ್ಲ, ಅಷ್ಟೆ.

ಜಯಮ್ಮ ಹುಸ್ಲಿ ತಿಂದು, "ಚೆನ್ನಾಗೈತೆ" ಎಂದು ತೀರ್ಪು ಕೊಟ್ಟರು. ತಂಡದಲ್ಲಿ ಯಾರೂ ಮೇಲ್ಮನವಿ ಸಲ್ಲಿಸಲಿಲ್ಲ. ನಾನು ಎದ್ದುಹೋಗಿ ಮೂವರಿಗೂ ಕಾಫಿ ಸೋಸಿದೆ. ಡಿಕಾಕ್ಷನ್ ನೀರಾಗಿತ್ತು. ಆದರೂ ಇಬ್ಬರೂ ಕುಡಿದರು.

ವಿಜಯದಶಮಿಯ ಸಂಜೆ ರೂಢಿಯಂತೆ ರಾಜ-ರಾಣಿಯನ್ನು ಮಲಗಿಸಿದೆವು. ಮಂಗಳ ಗ್ರಹ ಅಲ್ಲಿಯವರೆಗೂ ಇತ್ತು. ಜಂಬೂಸವಾರಿ ಈ ವರ್ಷ ಪೆಟ್ಟಿಗೆಯಲ್ಲೇ ಉಳಿಯಿತು.