ಡನ್‌ಸ್ಟನ್ ಇಲ್ಲದ ವರ್ಷದ ಆಡಿನ ನೀರು

ನನ್ನ ಗೆಳತಿ ನೋರಾಳ ಮಗಳು ವರ್ಲಿನ್ ಇಂಗ್ಲೆಂಡಿನಿಂದ ಫೋನ್ ಮಾಡಿ ಅತ್ತಾಗ ನಾನು ಕೆರಿಬಿಯನ್ ದ್ವೀಪವಾದ ಮಾಂಟ್‌ಸೆರಾಟ್‌ನಲ್ಲಿ ನನ್ನ ವ್ಯಾನಿನ ಚಕ್ರ ಬಿಚ್ಚುತ್ತಿದ್ದೆ. ಜುಲೈಯಲ್ಲಿ ಗಂಡ ಡನ್‌ಸ್ಟನ್‌ನನ್ನು ಮಣ್ಣು ಮಾಡಿ ಬಂದ ಮೇಲೆ ನೋರಾ ಹೊಸ್ತಿಲು ದಾಟಿಯೇ ಇಲ್ಲವಂತೆ. ಇಗರ್ಜಿಗಿಲ್ಲ, ಅಂಗಡಿಗಿಲ್ಲ. ಪಾದ್ರಿಗಳೇ ಮನೆಗೆ ಬಂದು ಪ್ರಸಾದ ಕೊಟ್ಟು ಹೋಗುತ್ತಾರಂತೆ. ಕ್ರಿಸ್‌ಮಸ್‌ಗೆ ಬಂದು ಹೇಗಾದರೂ ಅವಳನ್ನು ಹೊರಗೆ ಕರೆದುಕೊಂಡು ಬನ್ನಿ, ನಿಮ್ಮ ಮಾತು ಬಿಟ್ಟರೆ ಅಮ್ಮ ಇನ್ಯಾರ ಮಾತೂ ಕೇಳುವುದಿಲ್ಲ ಎಂದಳು. ಅದು ಶುದ್ಧ ಸುಳ್ಳು. ನೋರಾ ನನ್ನ ಮಾತನ್ನು ಜನ್ಮದಲ್ಲಿ ಕೇಳಿದವಳಲ್ಲ. ಆದರೂ ಹೊರಟೆ.

ನಾವಿಬ್ಬರೂ ಆ ದ್ವೀಪದ ಕಿನ್ಸೇಲ್ ಹಳ್ಳಿಯವರು. ಜ್ವಾಲಾಮುಖಿ ಬೆಟ್ಟ ಉರಿದು ಬೂದಿ ಬಿದ್ದ ಮೇಲೆ ಆ ಕಡೆ ಹೋಗಲು ಪೊಲೀಸರು ಬಿಡುವುದಿಲ್ಲ. ಅಲ್ಲಿ ನೋರಾ ಬಟ್ಟೆ ಹೊಲಿಯುತ್ತಿದ್ದಳು. ಕ್ರಿಸ್‌ಮಸ್ ವಾರದಲ್ಲಿ ಬೀದಿ ಬೀದಿ ಕುಣಿಯುವ ಮುಖವಾಡದವರ ಅಂಗಿಗೆ ರಿಬ್ಬನ್ನು, ಕನ್ನಡಿ ಚೂರು ಹಚ್ಚಿ ಕೊಡುತ್ತಿದ್ದವಳು ಅವಳೇ. ಯಾರ ಕೆಲಸವೇ ಆಗಲಿ, ಸೊಟ್ಟಗಿದ್ದರೆ ಅವಳಿಗೆ ನಿದ್ದೆ ಬಾರದು. ನನ್ನ ಮದುವೆಯ ದಿನ ಇನ್ನೇನು ಇಗರ್ಜಿಗೆ ಹೊರಡಬೇಕು, ನನ್ನ ತೋಳಿನ ಹೊಲಿಗೆ ಅವಳ ಕಣ್ಣಿಗೆ ಬಿತ್ತು. ಹೊಲಿದವರು ನನ್ನ ಅತ್ತೆ. ಅತ್ತೆಯ ಎದುರಿಗೇ ಬ್ಲೇಡು ಹಾಕಿ ಬಿಚ್ಚಿ, ಮತ್ತೆ ಹೊಲಿದಳು. ಅತ್ತೆ ಸಾಯುವ ತನಕ ಅವಳನ್ನು ಮಾತಾಡಿಸಲಿಲ್ಲ. ಅದನ್ನು ಎತ್ತಿ ಆಡಿದಾಗಲೆಲ್ಲ ನೋರಾ, ತೋಳು ನೆಟ್ಟಗಾಯಿತಲ್ಲ ಎಂದಷ್ಟೇ ಹೇಳುತ್ತಿದ್ದಳು.

ಊರು ಬಿಟ್ಟಾಗ ಅವಳೂ ಡನ್‌ಸ್ಟನ್ನೂ ಮಗಳನ್ನು ಕಟ್ಟಿಕೊಂಡು ಇಂಗ್ಲೆಂಡಿನ ಲೆಸ್ಟರ್‌ಗೆ ಹೋದರು. ನಾನು ದ್ವೀಪದ ಉತ್ತರಕ್ಕೆ ಸರಿದು ಅಲ್ಲೇ ಉಳಿದೆ. ಉಳಿದವರನ್ನು ಸಾಗಿಸಲು ಒಬ್ಬರಾದರೂ ವ್ಯಾನ್ ಓಡಿಸಬೇಕಲ್ಲ. ಲೆಸ್ಟರ್‌ನಲ್ಲಿ ಅವಳು ಬನಿಯನ್ ಕಾರ್ಖಾನೆಗೆ ಸೇರಿದಳು. ಅಲ್ಲೂ ಪಕ್ಕದವಳ ಹೊಲಿಗೆ ಬಿಚ್ಚಿ ಬೈಸಿಕೊಂಡಳಂತೆ. ಡನ್‌ಸ್ಟನ್ ಗಾರೆ ಕೆಲಸ ಮಾಡಿದ. ವಯಸ್ಸಾದ ಮೇಲೆ ಇಬ್ಬರೂ ಮನೆಯಲ್ಲಿ ಕೂತು ಜಗಳವಾಡುತ್ತ ಸುಖವಾಗಿದ್ದರು.

ನಾನು ಹೋಗಿ ನೋಡಿದರೆ ಕಿಟಕಿಗೆ ಹಳೆಯ ಪರದೆ. ಕ್ರಿಸ್‌ಮಸ್‌ಗೆ ಹೊಸ ಪರದೆ ಹಾಕದ ಮನೆ ನಮ್ಮವರಲ್ಲಿ ಉಂಟೇ? ಅದೂ ಹೊಲಿಯುವವಳ ಮನೆಯಲ್ಲಿ. ನೋರಾ ನನ್ನನ್ನು ತಬ್ಬಿಕೊಂಡಳು, ದಪ್ಪಗಾಗಿದ್ದೀಯ ಎಂದಳು, ಚಹಾ ಕೊಟ್ಟಳು. ಹುಚ್ಚೂ ಇಲ್ಲ, ಅಳುವೂ ಇಲ್ಲ. ಹೊರಗೆ ಹೋಗೋಣ ಬಾ ಎಂದರೆ ಮಾತ್ರ, ನೀನು ಹೋಗಿ ಬಾ, ನಾನಿರುತ್ತೇನೆ ಎನ್ನುವಳು. ಸಂತೆ ತೋರಿಸು ಎಂದೆ. ಬೀದಿಯ ದೀಪ ನೋಡೋಣ ಎಂದೆ. ಕಾಲುನೋವು ಎಂದು ನಾಟಕ ಮಾಡಿ ಔಷಧಿ ಅಂಗಡಿಗೆ ಕರೆದೆ. ಕೊನೆಗೆ ಬೈದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅವಳದು ಯಾವಾಗಲೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಕ್ರಿಸ್‌ಮಸ್ ಹಿಂದಿನ ದಿನ ಬೆಳಿಗ್ಗೆ ನನಗೆ ಸಾಕುಸಾಕಾಗಿತ್ತು. ಅವಳು ಹೊರಗೆ ಬರದಿದ್ದರೆ ಬೇಡ, ಹಬ್ಬಕ್ಕೆ ಆಡಿನ ನೀರಾದರೂ ಬೇಡವೇ ಎಂದುಕೊಂಡೆ. ಹೆಸರಿಗೆ ನೀರು, ಅಸಲಿಗೆ ಆಡಿನ ಮಾಂಸಕ್ಕೆ ಲವಂಗ, ಜಾಪತ್ರೆ ಹಾಕಿ ಕುದಿಸಿದ ಗಟ್ಟಿ ಸಾರು. ನಮ್ಮವರಿಗೆ ಮದುವೆಗೂ ಅದೇ, ಹಬ್ಬಕ್ಕೂ ಅದೇ. ಅದನ್ನು ಗಂಡಸರು ಅಂಗಳದಲ್ಲಿ ಸೌದೆ ಹಚ್ಚಿ ತಗಡಿನ ಡಬ್ಬದಲ್ಲಿ ಮಾಡುತ್ತಾರೆ. ಹೆಂಗಸರು ಬಟ್ಟಲು ಹಿಡಿದು ಕಾಯುತ್ತಾರೆ. ಕಿನ್ಸೇಲ್‌ನಲ್ಲಿ ಡನ್‌ಸ್ಟನ್‌ನ ಕೈ ಎಂದರೆ ಕೈ. ಲೆಸ್ಟರ್‌ನಲ್ಲೂ ಪ್ರತಿ ವರ್ಷ ಹಿತ್ತಲ ಶೆಡ್ಡಿನಲ್ಲಿ ಗ್ಯಾಸ್ ಒಲೆ ಇಟ್ಟು ಮಾಡುತ್ತಿದ್ದನಂತೆ. ಗ್ಯಾಸಿನ ಮೇಲೆ ಆಡಿನ ನೀರು, ಥೂ. ನಾನು ಮಾಂಸದಂಗಡಿಗೆ ಹೋಗಿ ಮೂಳೆ ಸಮೇತ ಆಡಿನ ಮಾಂಸ ತಂದೆ. ಹಿತ್ತಲಲ್ಲಿ ಮೂರು ಇಟ್ಟಿಗೆ ಇಟ್ಟು, ಬಣ್ಣ ಬಳಿದ ಹಳೆಯ ಕಪಾಟೊಂದು ಅಲ್ಲೇ ಬಿದ್ದಿತ್ತು, ಅದನ್ನು ಒಡೆದು ಬೆಂಕಿ ಹಚ್ಚಿ ತಗಡಿನ ಡಬ್ಬ ಏರಿಸಿದೆ.

ಆಮೇಲೆ ಜನ, ಮಿನಾ ಎಂಥ ಉಪಾಯ ಹೂಡಿದಳು ಎಂದು ನನ್ನನ್ನು ಹೊಗಳಿದರು. ಉಪಾಯವೂ ಇಲ್ಲ, ಗಿಪಾಯವೂ ಇಲ್ಲ. ನನಗೆ ಹಸಿವಾಗಿತ್ತು, ಸಿಟ್ಟು ಬಂದಿತ್ತು, ಅಷ್ಟೆ.

ಇಂಗ್ಲೆಂಡಿನ ಸೌದೆ ಉರಿಯುವುದಿಲ್ಲ, ಬರೀ ಹೊಗೆಯುತ್ತದೆ. ಮಳೆ ಕುಡಿದ ಕಪಾಟಿನಿಂದ ಕರಿ ಹೊಗೆ ಎದ್ದು ಪಕ್ಕದ ಮನೆಯ ಮೇಲೆಲ್ಲ ಹಬ್ಬಿತು. ನಾನು ಕೆಮ್ಮುತ್ತ, ಕಣ್ಣೊರೆಸುತ್ತ ಡಬ್ಬದಲ್ಲಿ ಸೌಟಾಡಿಸುತ್ತಿದ್ದೆ. ಜಾಪತ್ರೆ ಹಾಕಲು ಕೈ ಎತ್ತಿದಾಗ ಹಿಂದಿನ ಬಾಗಿಲು ತೆರೆಯಿತು. ಹೊಸ್ತಿಲ ಒಳಗೆ ನಿಂತ ನೋರಾ ಏನು ಮಾಡುತ್ತಿದ್ದೀಯ ಎಂದು ಕೇಳಿದಳು. ಕಾಣುವುದಿಲ್ಲವೇ ಎಂದೆ. ಹಿಡಿ ತುಂಬ ಜಾಪತ್ರೆ ಹಾಕಿದೆ.

"ಮಿನಾ, ಅದೇನು ಕುದುರೆಗೆ ಹುರುಳಿ ಹಾಕ್ತಿದ್ದೀಯೇನೇ?"

"ಗಂಡಸ್ರು ಮಾಡೋದು ನೋಡಿಲ್ವಾ ನಾನು? ಹೀಗೇ ಹಾಕೋದು."

"ಯಾವ ಗಂಡಸು? ನಿನ್ ಗಂಡ ನೀರು ಕಾಯಿಸಿದ್ರೂ ತಳ ಹಿಡಿಸ್ತಿದ್ದ. ಇಡು ಆ ಸೌಟು."

ನಾನು ಇಡಲಿಲ್ಲ. ಸಾರು ಗಟ್ಟಿ ಮಾಡಲು ಹಿಟ್ಟು ಕಲಸಿಕೊಂಡಿದ್ದೆ, ಗಂಟುಗಂಟಾಗಿಯೇ ಇತ್ತು, ಹಾಗೇ ಸುರಿಯಲು ಹೊರಟೆ. ಮನೆಯೊಳಗಿನ ಚಪ್ಪಲಿಯಲ್ಲೇ ನೋರಾ ಹೊಸ್ತಿಲು ದಾಟಿ ಬಂದು ನನ್ನ ಕೈಯಿಂದ ಪಾತ್ರೆ ಕಿತ್ತುಕೊಂಡಳು. ಅವಳು ಹೊರಗೆ ಬಂದುಬಿಟ್ಟಿದ್ದಾಳೆ ಎಂದು ನನಗೆ ತಟ್ಟನೆ ಹೊಳೆಯಿತು, ಆದರೆ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟಿದ್ದರೆ ಅವಳು ತಿರುಗಿ ಒಳಗೆ ಹೋಗುತ್ತಿದ್ದಳು. ಇಬ್ಬರೂ ಡಬ್ಬದ ಮುಂದೆ ನಿಂತು ಲವಂಗದ ಮೇಲೆ ಜಗಳವಾಡುತ್ತಿದ್ದಾಗಲೇ ಪಕ್ಕದ ಓಣಿಯಿಂದ ಅಗ್ನಿಶಾಮಕದವರು ಕೊಳವೆ ಎಳೆದುಕೊಂಡು ನುಗ್ಗಿದರು.

ಫೋನ್ ಮಾಡಿದವರು ಪಕ್ಕದ ಮನೆಯ ಗುಜರಾತಿ ಹೆಂಗಸು, ಮಂಜುಳಾಬೆನ್. ಬೇಲಿಯಾಚೆ ನಿಂತಿದ್ದರು. ಬೆಂಕಿ ಆರಿಸಲೇಬೇಕು, ಮನೆಗಳ ನಡುವೆ ಹೀಗೆ ಹೊಗೆ ಹಾಕುವಂತಿಲ್ಲ ಎಂದು ಹಿರಿಯ ಸಿಬ್ಬಂದಿ ವಿನಯವಾಗಿಯೇ ಹೇಳಿದ. ನಮ್ಮ ದ್ವೀಪದಲ್ಲಿ ಬೆಟ್ಟವೇ ಹೊಗೆಯುತ್ತದೆ, ಯಾರೂ ಫೋನ್ ಮಾಡುವುದಿಲ್ಲ ಎಂದು ನಾನು ಜೋರು ಮಾಡಿದೆ. ನೋರಾ ನನಗೆ ಬಾಯಿ ಮುಚ್ಚು ಎಂದಳು. ಅವರಿಗೆ, ಆರಿಸಿಕೊಳ್ಳಿ, ಡಬ್ಬಕ್ಕೆ ಮಾತ್ರ ನೀರು ಬೀಳಬಾರದು ಎಂದಳು. ಆಮೇಲೆ ಬೇಲಿಯ ಹತ್ತಿರ ಹೋದಳು.

"ನೀವು ಒಳಗೇ ಸುಟ್ಟುಹೋದ್ರಿ ಅಂದ್ಕೊಂಡೆ, ಅಕ್ಕಾ," ಎಂದರು ಮಂಜುಳಾಬೆನ್. "ಎಷ್ಟು ತಿಂಗಳಾಯ್ತು ನಿಮ್ಮ ಮುಖ ನೋಡಿ. ದಿನಾ ಸಂಜೆ ದೀಪ ಹತ್ತತ್ತಾ ಅಂತ ನೋಡ್ತಿದ್ದೆ. ಹತ್ತಿದ್ರೆ ಸರಿ, ಇದ್ದಾರೆ ಅಂತ."

ನೋರಾ ಬೇಲಿಯ ಮೇಲಿಂದ ಅವರ ಕೈ ಹಿಡಿದುಕೊಂಡಳು.

ಅರ್ಧ ಬೆಂದ ಸಾರಿನ ಡಬ್ಬವನ್ನು ನಾವಿಬ್ಬರೂ ಎತ್ತಿ ಶೆಡ್ಡಿಗೆ ಒಯ್ದೆವು. ಡನ್‌ಸ್ಟನ್‌ನ ಗ್ಯಾಸ್ ಒಲೆಗೆ ಜೇಡ ಬಲೆ ಕಟ್ಟಿತ್ತು. ನೋರಾ ಏಪ್ರನ್ ತುದಿಯಿಂದಲೇ ಒರೆಸಿ ಹಚ್ಚಿದಳು. ಅವಳೂ ಎಂದೂ ಮಾಡಿದವಳಲ್ಲ, ಅಡುಗೆಮನೆ ಕಿಟಕಿಯಿಂದ ಅವನು ಮಾಡುವುದನ್ನು ನೋಡಿದವಳು ಅಷ್ಟೆ. ನೋಡಿದ ನೆನಪಿನ ಮೇಲೆ ಲವಂಗ ಹಾಕಿದಳು, ಹಿಟ್ಟನ್ನು ಮತ್ತೆ ಕಲಸಿದಳು, ಕೊನೆಗೆ ಒಂದಿಷ್ಟು ರಮ್ ಸುರಿದಳು. ನನ್ನ ಜಾಪತ್ರೆಯನ್ನು ಮಾತ್ರ ಯಾರ ಕೈಯಲ್ಲೂ ತೆಗೆಯಲಾಗಲಿಲ್ಲ. ಸಂಜೆ ವರ್ಲಿನ್ ಬಂದು ತಾಯಿ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕೂತಿರುವುದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು. ತಿಂದೆವು. ಕಹಿ, ಮೇಲೆ ಹೊಗೆ ವಾಸನೆ. ಡನ್‌ಸ್ಟನ್ ಇದ್ದಿದ್ದರೆ ನಾಯಿಗೂ ಹಾಕುತ್ತಿರಲಿಲ್ಲ.

ಮಾರನೆಯ ದಿನ ಹಬ್ಬ. ವರ್ಲಿನ್ ಮಧ್ಯಾಹ್ನ ಮಕ್ಕಳೊಂದಿಗೆ ಬರುವವಳಿದ್ದಳು. ಬೆಳಿಗ್ಗೆ ನಾನು ಎದ್ದು ನೋಡಿದರೆ ನೋರಾ ಕರಿ ಕೋಟು ಹಾಕಿಕೊಂಡು ಮುಂಬಾಗಿಲ ಹತ್ತಿರ ನಿಂತಿದ್ದಳು. ಕೈಯಲ್ಲಿ ಮುಚ್ಚಳದ ಬಟ್ಟಲು. ಅವನ ಹತ್ತಿರ ಹೋಗಬೇಕು ಎಂದಳು. ಹಿತ್ತಲು ಮನೆಯದೇ ಲೆಕ್ಕ, ಬೀದಿ ಬೇರೆ. ನಾನು ಅವಳ ತೋಳು ಹಿಡಿದುಕೊಂಡೆ. ಆ ದೇಶದಲ್ಲಿ ಕ್ರಿಸ್‌ಮಸ್ ದಿನ ಒಂದು ಬಸ್ಸೂ ಓಡುವುದಿಲ್ಲ. ಜನ ಹಬ್ಬದ ದಿನವೇ ಅಲ್ಲವೇ ಓಡಾಡುವುದು? ನನ್ನ ವ್ಯಾನಾದರೂ ಇದ್ದಿದ್ದರೆ ಎಂದು ಬೈದುಕೊಳ್ಳುತ್ತ ಅವಳ ಜೊತೆ ನಡೆದೆ.

ಸಮಾಧಿಗೆ ಇನ್ನೂ ಕಲ್ಲು ಹಾಕಿರಲಿಲ್ಲ. ಹುಲ್ಲು ಬಂದಿತ್ತು. ನೋರಾ ಬಟ್ಟಲನ್ನು ಇಟ್ಟು, ಮನೆಯಲ್ಲಿ ಪೇಪರು ಓದುತ್ತ ಕೂತವನಿಗೆ ಹೇಳುವಂತೆ ಹೇಳಿದಳು.

"ಮಿನಾ ಮಾಡಿದ್ದು. ಕೆಟ್ಟದಾಗಿದೆ. ನಾನು ಎರಡು ಬಟ್ಟಲು ತಿಂದೆ."

ವಾಪಸು ಬಂದು ಮುಂಬಾಗಿಲಲ್ಲಿ ನಿಂತೆವು. ಬೀಗದ ಕೈ ನನ್ನ ಹತ್ತಿರವಿತ್ತು, ವರ್ಲಿನ್ ಕೊಟ್ಟದ್ದು. ಚಾಚಿದೆ. ನೋರಾ ತೆಗೆದುಕೊಳ್ಳಲಿಲ್ಲ. ಬಾಗಿಲನ್ನೇ ನೋಡುತ್ತ ನಿಂತಳು. ಈ ಮನೆಯಲ್ಲಿ ನನಗೆ ಬೀಗದ ಕೈಯೇ ಇರಲಿಲ್ಲ ಎಂದಳು. ಕಾರ್ಖಾನೆಯಿಂದ ಬರಲಿ, ಇಗರ್ಜಿಯಿಂದ ಬರಲಿ, ಗೇಟಿನ ಸದ್ದಿಗೆ ಅವನೇ ಎದ್ದು ಬಂದು ತೆಗೆಯುತ್ತಿದ್ದನಂತೆ.

"ಒಳಗಿದ್ರೆ ಅವನು ಎಲ್ಲೋ ಹೋಗಿದ್ದಾನೆ ಅಂದ್ಕೋಬಹುದು ಕಣೇ," ಎಂದಳು. "ನಾನು ಹೋಗಿ ಬಂದ್ರೆ ಯಾರು ತೆಗೀತಾರೆ?"

ಅಷ್ಟು ದಿನ ನಾನು ಅವಳನ್ನು ಹಟಮಾರಿ ಎಂದು ಬೈದಿದ್ದೆ. ಹಿತ್ತಲಿನಿಂದ ಹೋಗಿ ಒಳಗಿನಿಂದ ನಾನೇ ತೆಗೆಯಲೇ ಎಂದು ಕೇಳಿದೆ.

"ನೀನು ಜನವರಿಗೆ ಊರಿಗೆ ಹೋಗ್ತೀಯ," ಎಂದಳು ನೋರಾ.

ಆಮೇಲೆ ನನ್ನ ಕೈಯಿಂದ ಬೀಗದ ಕೈ ತೆಗೆದುಕೊಂಡಳು. ಒಮ್ಮೆ ತಪ್ಪಾಗಿ ತಿರುಗಿಸಿದಳು, ಇನ್ನೊಮ್ಮೆ ಸರಿಯಾಗಿ. ಬಾಗಿಲು ತೆರೆಯಿತು. ಒಳಗೆ ಯಾರೂ ಇರಲಿಲ್ಲ. ಅವಳು ಜೋರಾಗಿ ಅತ್ತಳು, ಅಳುತ್ತಲೇ ಒಳಗೆ ಹೋದಳು, ಬೀಗದ ಕೈಯನ್ನು ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು.